ತಲಪರಿಗೆ ನೀರಿಂದ ಬೋರಿನ ನೀರಿಗೆ: ನಮ್ಮ ಸೀಮೆಯ ಕಾಯಿಲೆಗಳ ಕಥೆ

ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘವು ಇಪ್ಪತ್ತೈದು ವರ್ಷಗಳನ್ನು ಪೂರೈಸಿ ಬೆಳ್ಳಿಹಬ್ಬ ಆಚರಿಸುತ್ತಿರುವುದು ನಮ್ಮೆಲ್ಲರಿಗೂ ಸಂತೋಷದ ಸಂಗತಿ. ನಿರ್ದೇಶಕರೆಲ್ಲ ಸ್ಮರಣ ಸಂಚಿಕೆಗೆ ಒಂದೊಂದು ಲೇಖನ ಕೊಡಬೇಕೆಂದು ಕಾರ್ಯದರ್ಶಿಗಳು ಕೇಳಿದರು. ಸಂಘ ನಡೆದುಬಂದ ದಾರಿಯನ್ನು ಅಧ್ಯಕ್ಷರು ಬರೆಯುತ್ತಾರೆ, ರಾಸುಗಳ ಆರೈಕೆಯನ್ನು ಪಶುವೈದ್ಯರು ಬರೆಯುತ್ತಾರೆ, ಎಸ್.ಎಸ್.ಎಲ್.ಸಿ. ಓದಿದ ನಾನು ಏನು ಬರೆಯಲಿ ಎಂದು ಯೋಚಿಸಿದಾಗ ನೆನಪಿಗೆ ಬಂದದ್ದು ನೀರು. ಬೆಳೆಗೆ ಹಾಯಿಸುವ ನೀರಿನ ಮಾತು ದಿನಾ ಇದ್ದೇ ಇರುತ್ತೆ. ನಾನು ಹೇಳಹೊರಟಿರುವುದು ಕುಡಿಯುವ ನೀರಿನ ಚರಿತ್ರೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕಿನಲ್ಲಿ ನೀರಿನ ಮೂಲ ಬದಲಾದ ಹಾಗೆಲ್ಲ ನಮ್ಮ ಮೈಗೆ ಬರುವ ಕಾಯಿಲೆಯೂ ಬದಲಾಗುತ್ತಾ ಬಂದಿದೆ.

ಭೂಗೋಳದ ಪಾಠದಲ್ಲಿ ನಾವೆಲ್ಲ ಉಷ್ಣವಲಯ ಎಂದು ಓದಿದ್ದೇವೆ. ನಾವಿರುವುದು ಅದರೊಳಗೇ. ಉಷ್ಣವಲಯದಲ್ಲೂ ಎರಡು ಥರ. ಮಲೆನಾಡಿನಂತೆ ಮಳೆ ಸುರಿಯುವ ಜಾಗ ಒಂದು, ನಮ್ಮಂತೆ ಮಳೆ ಕೈಕೊಡುವ ಜಾಗ ಇನ್ನೊಂದು. ಪಾವಗಡದ ಕಡೆ ವರ್ಷಕ್ಕೆ ಐನೂರು ಮಿಲಿಮೀಟರಿನ ಆಸುಪಾಸು ಮಳೆ. ಅದೂ ನಾಲ್ಕು ತಿಂಗಳಲ್ಲಿ ಬಂದು ಹೋಗುತ್ತದೆ. ಉಳಿದ ಎಂಟು ತಿಂಗಳು ಎಲ್ಲಿಂದ ನೀರು ತರಬೇಕು, ತಂದದ್ದನ್ನು ಎಲ್ಲಿ ಇಟ್ಟುಕೊಳ್ಳಬೇಕು? ನಮ್ಮ ಕಾಯಿಲೆಗಳ ಬೇರು ಹೆಚ್ಚುಕಮ್ಮಿ ಈ ಪ್ರಶ್ನೆಯಲ್ಲೇ ಇದೆ.

ಹಿಂದಿನವರು ಇದಕ್ಕೆ ಕಂಡುಕೊಂಡಿದ್ದ ದಾರಿಗಳಲ್ಲಿ ಕೆರೆ, ಕಟ್ಟೆ, ಕಲ್ಯಾಣಿ ಎಲ್ಲ ಊರಿನವರಿಗೂ ಗೊತ್ತು. ತಲಪರಿಗೆ ಮಾತ್ರ ನಮ್ಮ ಸೀಮೆಯದೇ ವಿಶೇಷ. ಈಗಿನ ಹುಡುಗರಿಗೆ ಹೆಸರೂ ಗೊತ್ತಿಲ್ಲವಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಕೆರೆಯ ಅಂಗಳದಲ್ಲೋ, ಹಳ್ಳದ ಮರಳಿನಲ್ಲೋ, ತೋಟದ ತಗ್ಗಿನಲ್ಲೋ ನೆಲದಿಂದ ತಾನಾಗಿಯೇ ಊಟೆ ಎದ್ದು ನೀರು ಬರುತ್ತಿತ್ತು. ಆ ಜಾಗವನ್ನು ಗುಂಡಿಯಾಗಿ ತೋಡಿ, ಕೆಲವು ಕಡೆ ಸುತ್ತ ಕಲ್ಲು ಕಟ್ಟಿ, ಅಲ್ಲಿಂದ ಕಾಲುವೆ ತೆಗೆದು ತಗ್ಗಿನ ಕಟ್ಟೆಗೆ ಬಿಡುತ್ತಿದ್ದರು. ಮೋಟರಿಲ್ಲ, ಕಪಿಲೆ ಹೊಡೆಯುವುದೂ ಬೇಡ, ನೀರು ತಾನೇ ಹರಿಯುತ್ತಿತ್ತು. ನೀರುಗಂಟಿ ಸರದಿ ಪ್ರಕಾರ ಬಿಡುತ್ತಿದ್ದ. ವರ್ಷಕ್ಕೊಮ್ಮೆ ಮನೆಗೊಂದಾಳು ಬಂದು ಹೂಳು, ಜೊಂಡು ತೆಗೆದು ಗಂಗಮ್ಮನ ಪೂಜೆ ಮಾಡಿ ಎಡೆ ಇಡಬೇಕು. ಆಳು ಕಳಿಸದ ಮನೆಗೆ ತಪ್ಪು ಕಾಣಿಕೆ. ಬೈಲಾ ಇಲ್ಲ, ಠರಾವು ಪುಸ್ತಕ ಇಲ್ಲ ಎನ್ನುವುದು ಬಿಟ್ಟರೆ ಅದೂ ಒಂದು ಸಹಕಾರ ಸಂಘವೇ. ಈ ನಾಲ್ಕು ತಾಲ್ಲೂಕುಗಳಲ್ಲಿ ಇಂಥ ತಲಪರಿಗೆಗಳು ನೂರಾರು ಇದ್ದವು. ಮಲ್ಲಿಕಾರ್ಜುನ ಹೊಸಪಾಳ್ಯ ಅವರಂಥವರು ಊರೂರು ಸುತ್ತಿ ಅವುಗಳನ್ನು ದಾಖಲೆ ಮಾಡಿದ್ದಾರೆ. ಜಯಮಂಗಲಿ ಹಾದುಹೋಗುವ ಕೊರಟಗೆರೆ, ಮಧುಗಿರಿ ಸೀಮೆಯಲ್ಲಿ ಮರಳು ಕೆದಕಿದರೆ ನೀರು ಸಿಗುತ್ತಿದ್ದುದನ್ನು ನಮ್ಮ ಸಂಘದ ಹಿರಿಯ ಸದಸ್ಯರು ಇಂದಿಗೂ ಹೇಳುತ್ತಾರೆ. ನಮ್ಮ ತಾತ ಹೊಲಕ್ಕೆ ಹೋಗುವಾಗ ನೀರಿನ ಚೆಂಬು ಒಯ್ಯುತ್ತಿರಲಿಲ್ಲ, ತಲಪರಿಗೆಗೆ ಬೊಗಸೆ ಒಡ್ಡಿ ಕುಡಿಯುತ್ತಿದ್ದರು.

ಹಾಗಂತ ಹಿಂದಿನ ಕಾಲ ಆರೋಗ್ಯದ ಕಾಲವಾಗಿತ್ತು ಎಂದು ಯಾರೂ ಭಾವಿಸಬಾರದು. ವೇದಿಕೆ ಮೇಲೆ ಹಾಗೆ ಭಾಷಣ ಮಾಡುವವರನ್ನು ಕಂಡರೆ ನನಗೆ ಒಪ್ಪಿಗೆಯಾಗುವುದಿಲ್ಲ. ತೆರೆದ ನೀರು ಎಲ್ಲರ ನೀರು. ಅದರಲ್ಲೇ ದನ ಇಳಿಯುತ್ತಿತ್ತು, ಬಟ್ಟೆ ಒಗೆಯುತ್ತಿದ್ದರು. ವಾಂತಿಭೇದಿ ಅಂದರೆ ಕಾಲರಾ ಬಂದರೆ ಊರಿಗೆ ಊರೇ ಖಾಲಿಯಾಗುತ್ತಿತ್ತು. ಧಾತು ಸಂವತ್ಸರದ ಬರ ಎಂದು ಅಜ್ಜಿಯರು ಹೇಳುತ್ತಿದ್ದ 1876-78ರ ಬರದಲ್ಲಿ ಹಸಿವಿನ ಜೊತೆಗೆ ಕಾಲರಾ, ಜ್ವರ ಸೇರಿ ಜನ ಸತ್ತರು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷದೊಳಕ್ಕೆ ಇಳಿದಿತ್ತು. ಆಮೇಲೆ 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು, 1918ರ ಇನ್‌ಫ್ಲುಯೆಂಜಾ. ಮಧುಗಿರಿಯ ದಂಡಿನ ಮಾರಮ್ಮನಿಗೆ ನಮ್ಮವರು ಹೊತ್ತ ಹರಕೆಗಳೆಲ್ಲ ಸುಮ್ಮನೆ ಹೊತ್ತದ್ದಲ್ಲ.

ಚಳಿಜ್ವರದ ಕಥೆಯೂ ನೀರಿನದೇ. ಸೊಳ್ಳೆಯಿಂದ ಮಲೇರಿಯಾ ಬರುತ್ತದೆಂದು ತೋರಿಸಿಕೊಟ್ಟ ರೊನಾಲ್ಡ್ ರಾಸ್ ಅವರು ಕಾಲರಾ ತಡೆಯುವ ಕೆಲಸಕ್ಕೆಂದು 1895ರಲ್ಲಿ ಬೆಂಗಳೂರಿಗೆ ಬಂದಿದ್ದವರು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅವರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಜೀವಿಯನ್ನು ಕಂಡರು. ನಮ್ಮ ಸಿರಾಕ್ಕೆ ನೆರೆಯ ಹಿರಿಯೂರಿನಲ್ಲಿ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡಿತು. ನೀರು ಹರಿದ ಕಡೆ ಸೊಳ್ಳೆಯೂ ಬಂತು. 1930ರ ಆಸುಪಾಸಿನಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರು ಸರ್ಕಾರ ಮಲೇರಿಯಾ ಅಧ್ಯಯನ ಮಾಡಿಸಿದ ಜಾಗಗಳಲ್ಲಿ ಹಿರಿಯೂರೂ ಒಂದು. 1953ರಿಂದ ರಾಷ್ಟ್ರೀಯ ಕಾರ್ಯಕ್ರಮವಾಗಿ ಮನೆಮನೆಗೆ ಡಿ.ಡಿ.ಟಿ. ಹೊಡೆದರು. ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಬರುತ್ತಿದ್ದ ಮಲೇರಿಯಾ 1965ರ ಹೊತ್ತಿಗೆ ಒಂದು ಲಕ್ಷಕ್ಕಿಳಿಯಿತು, ಗೆದ್ದೆವು ಎಂದು ಕೈಬಿಟ್ಟದ್ದರಿಂದ 1976ರಲ್ಲಿ 64 ಲಕ್ಷಕ್ಕೇರಿತು. ಬಾವಿಗೆ ಗಪ್ಪಿ ಮೀನು ಬಿಟ್ಟರೆ ಸೊಳ್ಳೆಮರಿ ತಿನ್ನುತ್ತವೆ ಎಂದು ಹಾಡು, ನಾಟಕ ಕಟ್ಟಿಕೊಂಡು ಕಲಾಜಾಥಾದವರು 2001ರ ಡಿಸೆಂಬರ್‌ನಲ್ಲಿ ನಮ್ಮ ಜಿಲ್ಲೆಯ ಹಳ್ಳಿಗಳನ್ನು ಸುತ್ತಿದ್ದರು.

ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಇನ್ನೊಂದು ಕಷ್ಟವಿತ್ತು, ನಾರುಹುಣ್ಣು. ಮೆಟ್ಟಿಲುಬಾವಿಗೆ ಕಾಲಿಟ್ಟು ನೀರು ತುಂಬುವವರ ಕಾಲಿನ ಹುಣ್ಣಿಂದ ಹುಳುವಿನ ಮರಿಗಳು ನೀರಿಗೆ ಬಿದ್ದು, ಅದನ್ನು ಕುಡಿದವರಿಗೆ ವರ್ಷ ಕಳೆದ ಮೇಲೆ ಮೊಳದುದ್ದದ ಹುಳು ಚರ್ಮ ಸೀಳಿ ಹೊರಬರುತ್ತಿತ್ತು. ಮೆಟ್ಟಿಲು ಮುಚ್ಚಿ ಸೇದುವ ಬಾವಿ ಮಾಡಿ, ಬೋರು ಕೊರೆದು, ನೀರು ಸೋಸಿ ಕುಡಿಯುವುದನ್ನು ಕಲಿಸಿ ಅದನ್ನು ಓಡಿಸಲಾಯಿತು. ದೇಶದ ಕೊನೆಯ ರೋಗಿ ರಾಜಸ್ಥಾನದಲ್ಲಿ 1996ರಲ್ಲಿ ಕಂಡದ್ದು. 2000ನೇ ಇಸವಿಯಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಮಾತ್ರೆಯಿಲ್ಲದೆ, ಲಸಿಕೆಯಿಲ್ಲದೆ, ನೀರನ್ನು ಸರಿಮಾಡಿಯೇ ಗೆದ್ದ ಕಾಯಿಲೆ ಅದು.

ಹೀಗೆ ನಮ್ಮ ಊರುಗಳಿಗೆ ಕೈಪಂಪು ಬಂತು. ನಾವು ಈಗಲೂ ಬೋರಿಂಗ್ ಅನ್ನುತ್ತೇವಲ್ಲ, ಅದೇ. ಯುನಿಸೆಫ್ ನೆರವಿನಿಂದ ತಯಾರಾದ ಇಂಡಿಯಾ ಮಾರ್ಕ್-2 ಪಂಪು ದೇಶವೆಲ್ಲ ಹರಡಿತು. ಕರ್ನಾಟಕದಲ್ಲಿ ಅದನ್ನು ಹಟ್ಟಿ ಹಟ್ಟಿಗೆ ಮುಟ್ಟಿಸಿದ ಹೆಸರು 1983ರಿಂದ ಪಂಚಾಯತ್ ರಾಜ್ ಮಂತ್ರಿಗಳಾಗಿದ್ದ ಅಬ್ದುಲ್ ನಜೀರ್ ಸಾಬರದು. ಜನ ಅವರನ್ನು ನೀರ್ ಸಾಬ್ ಎಂದೇ ಕರೆದರು. 1988ರಲ್ಲಿ ಅವರು ತೀರಿಕೊಂಡರು. ನಮ್ಮ ಅವ್ವಂದಿರು ಮೈಲಿಗಟ್ಟಲೆ ಹೋಗಿ ಕೊಡ ಹೊರುವುದು ತಪ್ಪಿದ್ದು, ವಾಂತಿಭೇದಿಯಿಂದ ಕೂಸುಗಳು ಸಾಯುವುದು ಕಡಿಮೆಯಾದದ್ದು ಆ ಕಾಲದಲ್ಲಿ. ಆ ಉಪಕಾರವನ್ನು ಮರೆಯುವಂತಿಲ್ಲ. ಮುಂದೆ ಬಂದ ತೊಂದರೆಗೆ ಬೋರನ್ನು ಬೈಯುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆ ಕೈಪಂಪುಗಳ ಬೋರು ನೂರೈವತ್ತು ಇನ್ನೂರು ಅಡಿ ಇರುತ್ತಿದ್ದವು. ಆಮೇಲೆ ನಾವೆಲ್ಲ ತೋಟಕ್ಕೆ ಬೋರು ಕೊರೆಸಿದೆವು. ಕೊರಟಗೆರೆ, ಸಿರಾ ಕಡೆ ಅಡಿಕೆ ತೆಂಗು, ಪಾವಗಡದ ಕಡೆ ಕಡಲೆಕಾಯಿ ಹೊಲದಲ್ಲೂ ಬೋರು. ತಲಪರಿಗೆಗಳು ಒಂದೊಂದಾಗಿ ಬತ್ತಿದವು, ತೆರೆದ ಬಾವಿಗಳು ಕಸದ ಗುಂಡಿಗಳಾದವು. ಬೋರು ಐನೂರಕ್ಕೆ ಹೋಯಿತು, ಎಂಟುನೂರಕ್ಕೆ ಹೋಯಿತು, ಈಗ ಸಾವಿರ ಅಡಿ ಅಂದರೂ ಯಾರೂ ಹುಬ್ಬೇರಿಸುವುದಿಲ್ಲ. ಊರಿನ ಟ್ಯಾಂಕಿಗೂ ಅದೇ ಆಳದ ನೀರು. ಮಧುಗಿರಿಯ ಏಕಶಿಲಾ ಬೆಟ್ಟ ನೋಡಿದರೆ ಸಾಕು, ನಮ್ಮ ಕಾಲಡಿ ಏನಿದೆ ಎಂದು ತಿಳಿಯುತ್ತದೆ. ಕಣಶಿಲೆ, ಅದರೊಳಗೆ ಫ್ಲೋರೈಡು ಇರುವ ಖನಿಜಗಳು. ಮಳೆಯ ಹೊಸ ನೀರು ಇಳಿಯದೆ, ಹಳೆಯ ನೀರು ಬಹಳ ಕಾಲ ಬಂಡೆಯ ಬಿರುಕಿನಲ್ಲಿ ನಿಂತರೆ ಆ ಫ್ಲೋರೈಡು ಕರಗಿ ನೀರಿಗೆ ಬರುತ್ತದೆ. ಮೇಲುನೆಲದ ಊಟೆಯ ನೀರಿನಲ್ಲಿ ಸಾಮಾನ್ಯವಾಗಿ ಅದು ಕಡಿಮೆ. ಹೀಗೆ ಹುಳುವಿಲ್ಲದ, ಕನ್ನಡಿಯಂಥ ತಿಳಿನೀರಿನಲ್ಲೇ ಹೊಸ ಕಾಯಿಲೆ ಬಂದು ಕೂತಿತು. ಬಣ್ಣವಿಲ್ಲ, ವಾಸನೆಯಿಲ್ಲ, ಫ್ಲೋರೈಡಿಗೆ ರುಚಿಯೂ ಇಲ್ಲ. ಸೌಳು ನೀರು ನಾಲಿಗೆಗೆ ಗೊತ್ತಾಗುತ್ತದೆ, ಇದು ಗೊತ್ತಾಗುವುದಿಲ್ಲ.

ನಮ್ಮ ದೇಶದಲ್ಲಿ ಇದು ಬೆಳಕಿಗೆ ಬಂದದ್ದು 1937ರಲ್ಲಿ, ಆಗಿನ ನೆಲ್ಲೂರು ಜಿಲ್ಲೆಯಲ್ಲಿ. ಎತ್ತುಗಳು ಕೀಲು ಬಿಗಿದು ನೊಗ ಹೊರಲಾರದೆ ಮಲಗುವುದನ್ನು ಅಲ್ಲಿಯ ರೈತರೇ ಮೊದಲು ಗಮನಿಸಿದರಂತೆ, ಮನುಷ್ಯರಲ್ಲಿ ಗುರುತಿಸಿದ್ದು ಆಮೇಲೆ. ಹಾಲಿನ ಸಂಘದವರಾದ ನಾವು ಈ ಮಾತನ್ನು ಕಿವಿಗೆ ಹಾಕಿಕೊಳ್ಳಬೇಕು. ಹಲ್ಲು ಬೇಗ ಸವೆದು ಕಂದು ಬಣ್ಣಕ್ಕೆ ತಿರುಗಿದ, ಕಾರಣವಿಲ್ಲದೆ ಕುಂಟುವ ಹಸು ಕಂಡರೆ ಬಾನಿಯಲ್ಲಿರುವ ನೀರಿನ ಮೇಲೂ ಒಂದು ಅನುಮಾನ ಇರಲಿ. ಹಸು ಕುಡಿದ ಫ್ಲೋರೈಡು ಹೆಚ್ಚಾಗಿ ಅದರ ಮೂಳೆಗೆ ಸೇರುತ್ತದೆ, ಹಾಲಿಗೆ ಬರುವುದು ಬಹಳ ಕಡಿಮೆ. ಆದ್ದರಿಂದ ಹಾಲಿನ ಬಗ್ಗೆ ಯಾರೂ ಗಾಬರಿಪಡಬೇಕಾಗಿಲ್ಲ.

ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎಂದು ಭಾರತೀಯ ಮಾನಕ ಹೇಳುತ್ತದೆ. ಪಾವಗಡ, ಮಧುಗಿರಿ, ಸಿರಾ ಕಡೆಯ ಎಷ್ಟೋ ಬೋರುಗಳು ಅದನ್ನು ಮೀರಿದವು. ಮಕ್ಕಳಿಗೆ ಸುಮಾರು ಎಂಟು ವರ್ಷದವರೆಗೆ ದವಡೆಯೊಳಗೆ ಗಟ್ಟಿಹಲ್ಲು ರೂಪುಗೊಳ್ಳುತ್ತಿರುತ್ತದೆ. ಆಗ ಈ ನೀರು ಕುಡಿದರೆ ಹಲ್ಲು ಸುಣ್ಣದಂತೆ ಬಿಳಿಚಿ, ಆಮೇಲೆ ಹಳದಿ, ಕಂದು ಪಟ್ಟೆ ಬೀಳುತ್ತದೆ. ಇದು ಉಜ್ಜಿದರೆ ಹೋಗುವ ಕೊಳೆಯಲ್ಲ. ಹಲ್ಲು ಸರಿಯಾಗಿ ಉಜ್ಜುವುದಿಲ್ಲ ಎಂದು ಇಸ್ಕೂಲಿನಲ್ಲಿ ಬೈಸಿಕೊಂಡ ಹುಡುಗರು ನನ್ನ ತರಗತಿಯಲ್ಲೇ ಇದ್ದರು, ಪಾಪ. ಹೆಣ್ಣು ನೋಡಲು ಬಂದವರ ಮುಂದೆ ನಗಲು ಹಿಂಜರಿಯುವ ಹೆಣ್ಣುಮಕ್ಕಳ ಸಂಕಟ ಅದಕ್ಕಿಂತ ದೊಡ್ಡದು. ಹಲ್ಲು ನೋಡಿ ತಿರುಗಿ ಹೋದ ಗಂಡಿನ ಕಡೆಯವರು ನಮ್ಮ ನೆಂಟರಲ್ಲೇ ಇದ್ದಾರೆ. ಅವರ ಊರಲ್ಲೂ ಅದೇ ನೀರು ಅನ್ನೋದು ಬೇರೆ ಮಾತು.

ದೊಡ್ಡವರಿಗೆ ಬಹಳ ವರ್ಷ ಕುಡಿದ ಮೇಲೆ ಮೂಳೆಗೆ ಬರುತ್ತದೆ. ಮೊದಲು ಸೊಂಟ, ಮಂಡಿ, ಕತ್ತು ನೋವು. ವಾತ ಎಂದು ಎಣ್ಣೆ ಹಚ್ಚುತ್ತಾರೆ, ವಯಸ್ಸಾಯ್ತು ಎಂದು ಸುಮ್ಮನಾಗುತ್ತಾರೆ. ಆಮೇಲೆ ಬೆನ್ನು ಬಾಗಿ ನೆಟ್ಟಗಾಗದು. ಮೂರು ಸುಲಭ ಪರೀಕ್ಷೆಗಳಿವೆ: ಮಂಡಿ ಬಗ್ಗಿಸದೆ ಕಾಲ್ಬೆರಳು ಮುಟ್ಟಲು ಬರುತ್ತದೆಯೇ, ಗದ್ದ ಎದೆಗೆ ತಾಗುತ್ತದೆಯೇ, ಕೈಯೆತ್ತಿ ತಲೆಯ ಹಿಂಭಾಗ ಹಿಡಿಯಲಾಗುತ್ತದೆಯೇ. ಆಗದಿದ್ದರೆ ಡಾಕ್ಟರಿಗೆ ತೋರಿಸಿ, ಯಾವ ನೀರು ಕುಡಿಯುತ್ತೇವೆಂಬುದನ್ನೂ ಹೇಳಿ. ಒಮ್ಮೆ ಬಾಗಿದ ಮೂಳೆಯನ್ನು ನೆಟ್ಟಗೆ ಮಾಡುವ ಔಷಧಿ ಇಲ್ಲ. ನೀರು ಬದಲಾಯಿಸಿದರೆ ಮುಂದಕ್ಕೆ ಹೋಗುವುದು ನಿಲ್ಲುತ್ತದೆ, ನೋವೂ ಎಷ್ಟೋ ಕಡಿಮೆಯಾಗುತ್ತದೆ. ಇನ್ನೊಂದು ಮಾತು. ನೀರು ಕಾಯಿಸಿ ಕುಡಿದರೆ ಕಾಲರಾ ಹೋಗುತ್ತದೆ, ಫ್ಲೋರೈಡು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ.

ಪರಿಹಾರ ಮಾಡಿಲ್ಲವೆಂದಲ್ಲ. ಪಟಿಕ, ಸುಣ್ಣ ಹಾಕಿ ಫ್ಲೋರೈಡು ತೆಗೆಯುವ ನಲ್ಗೊಂಡ ವಿಧಾನ ಬಂತು, ಹಳ್ಳಿಯಲ್ಲಿ ಅದನ್ನು ದಿನಾ ಅಳತೆಯಿಟ್ಟು ಮಾಡುವವರು ಯಾರು? ಆಮೇಲೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಅವುಗಳಿಂದ ಅನುಕೂಲವಾಗಿದೆ, ಸುಳ್ಳು ಹೇಳಬಾರದು. ಆದರೆ ಮೆಂಬ್ರೇನು ಹಾಳಾದರೆ ತಿಂಗಳುಗಟ್ಟಲೆ ಬೀಗ, ಆಗ ಮತ್ತೆ ನಲ್ಲಿಯ ನೀರೇ ಗತಿ. ಇದರಲ್ಲಿ ಯಾರೂ ಮಾತಾಡದ ವಿಷಯವೆಂದರೆ ಘಟಕದಿಂದ ಹೊರಗೆ ಹೋಗುವ ತ್ಯಾಜ್ಯ ನೀರು. ಒಳಗೆ ಹೋದ ನೀರಿನ ಅರ್ಧದಷ್ಟು, ಕೆಲವು ಕಡೆ ಅದಕ್ಕಿಂತ ಹೆಚ್ಚು, ಫ್ಲೋರೈಡು ಇನ್ನೂ ಗಟ್ಟಿಯಾಗಿ ಚರಂಡಿಗೆ ಬರುತ್ತದೆ. ಅದನ್ನೇ ತೊಟ್ಟಿಗೆ ತಿರುಗಿಸಿ ದನಕ್ಕೆ ಕುಡಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಪಾತ್ರೆ ತೊಳೆಯಲು, ಅಂಗಳಕ್ಕೆ ಚಿಮುಕಿಸಲು ಬಳಸಿ. ದೂರದ ನೀರಿನ ಯೋಜನೆಗಳೂ ಇವೆ. ಸಿರಾ ಕಡೆಗೆ ಹೇಮಾವತಿ, ಪಾವಗಡಕ್ಕೆ ತುಂಗಭದ್ರೆಯ ಹಿನ್ನೀರು. ಎತ್ತಿನಹೊಳೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಬಳಿ ಉದ್ಘಾಟನೆಯಾಯಿತು. ನದಿಯ ನೀರು ಬಂದರೆ ಅದಕ್ಕಿಂತ ಒಳ್ಳೆಯದಿಲ್ಲ. ಬರುವವರೆಗೆ ಮಕ್ಕಳ ಹಲ್ಲು ಕಾಯುವುದಿಲ್ಲ.

ಈ ನಡುವೆ ಇನ್ನೊಂದು ಬಂತು. 2006ರಲ್ಲಿ ಚಿಕೂನ್‌ಗುನ್ಯಾ. ಆ ವರ್ಷ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನರಿಗೆ ಬಂದಿರಬಹುದೆಂದು ಲೆಕ್ಕ. ನಮ್ಮ ಜಿಲ್ಲೆಗೂ ಬಿಡಲಿಲ್ಲ, ಹಾಲು ಕರೆಯಲು ಕುಕ್ಕರಗಾಲಲ್ಲಿ ಕೂರಲಾಗದೆ ಜನ ಒದ್ದಾಡಿದರು. 1952ರಲ್ಲಿ ಆಫ್ರಿಕಾದ ಟ್ಯಾಂಗನೀಕಾದಲ್ಲಿ ಮೊದಲು ಗುರುತಿಸಿದ ಈ ಜ್ವರಕ್ಕೆ ಅಲ್ಲಿಯ ಮಕೊಂಡೆ ಜನರ ಮಾತಿನಲ್ಲಿ ಬಾಗಿಸುವುದು ಎಂಬ ಅರ್ಥದ ಹೆಸರು. ಕೋಳಿ ತಿಂದರೆ ಬರುತ್ತದೆಂದು ನಮ್ಮಲ್ಲಿ ಕೆಲವರು ನಂಬಿದ್ದರು. ಬರುವುದು ಹಗಲು ಕಚ್ಚುವ ಸೊಳ್ಳೆಯಿಂದ. ಅದು ಮೊಟ್ಟೆಯಿಡುವುದು ಮನೆಯ ಡ್ರಮ್ಮು, ತೊಟ್ಟಿ, ಹಂಡೆಯ ತಿಳಿನೀರಿನಲ್ಲಿ. ನಲ್ಲಿಯಲ್ಲಿ ಎಂಟು ದಿನಕ್ಕೊಮ್ಮೆ ನೀರು ಬಿಟ್ಟರೆ ಜನ ತುಂಬಿಡದೆ ಇನ್ನೇನು ಮಾಡಿಯಾರು? ಡೆಂಗ್ಯೂ ಜ್ವರವೂ ಅದೇ ಸೊಳ್ಳೆಯದು. ವಾರಕ್ಕೊಮ್ಮೆ ಡ್ರಮ್ಮು ಬರಿದು ಮಾಡಿ ಉಜ್ಜಿ ಒಣಗಿಸಿ, ಬಟ್ಟೆ ಕಟ್ಟಿದರೆ ಸಾಕು.

ಇನ್ನು ನಮ್ಮ ಸಂಘಕ್ಕೆ ಸಂಬಂಧಪಟ್ಟ ಮಾತು. ಹಾಲಿನಲ್ಲಿರುವ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಹೊಟ್ಟೆಯಲ್ಲಿ ಫ್ಲೋರೈಡನ್ನು ಹಿಡಿದುಕೊಂಡು ಮೈಗೆ ಸೇರುವುದನ್ನು ಕಡಿಮೆ ಮಾಡುತ್ತದೆ. ನೀರು ಕೆಟ್ಟ ಊರಿನಲ್ಲಿ ಸರಿಯಾಗಿ ಉಣ್ಣದ ಮಕ್ಕಳಿಗೇ ಕಾಯಿಲೆ ಜೋರು. ಈಗ ಯೋಚಿಸಿ, ಬೆಳಗ್ಗೆ ಐದು ಲೀಟರ್ ಕರೆದು ಐದನ್ನೂ ಡೇರಿಗೆ ಹಾಕಿ, ಮಗುವಿಗೆ ಕರಿ ಟೀ ಕೊಡುವ ಮನೆಗಳು ನಮ್ಮಲ್ಲಿಲ್ಲವೇ? ಟೀ ಸೊಪ್ಪಿನಲ್ಲೂ ಫ್ಲೋರೈಡು ಇರುತ್ತದೆ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದಲ್ಲಿ ಶಾಲಾಮಕ್ಕಳಿಗೆ ಹಾಲು ಸಿಕ್ಕಿದ್ದು ಒಳ್ಳೆಯದಾಯಿತು, ಆದರೆ ಭಾನುವಾರ, ರಜೆಯಲ್ಲಿ? ಸಂಘದ ಶೇಖರಣೆ ಹೆಚ್ಚಬೇಕೆಂದು ಹಟ ಹಿಡಿಯುವ ನಿರ್ದೇಶಕನಾಗಿಯೇ ಹೇಳುತ್ತಿದ್ದೇನೆ, ಅಳತೆಗೆ ಮುಂಚೆ ಮಗುವಿನ ಲೋಟ ತೆಗೆದಿಡಿ. ನಮ್ಮ ಅಡುಗೆಮನೆಯಲ್ಲೂ ಆಧಾರವಿದೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂ ದಾಟಿ ಕ್ಯಾಲ್ಸಿಯಂ ಇದೆ, ನುಗ್ಗೆಸೊಪ್ಪು, ನೆಲ್ಲಿಕಾಯಿ ಒಳ್ಳೆಯದು. ಹುಣಸೆಹಣ್ಣು ತಿಂದರೆ ಮೂತ್ರದಲ್ಲಿ ಫ್ಲೋರೈಡು ಹೆಚ್ಚು ಹೊರಹೋಗುತ್ತದೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಶಾಲಾ ಹುಡುಗರಿಗೆ ದಿನಕ್ಕೆ 10 ಗ್ರಾಂ ಕೊಟ್ಟು ನೋಡಿ 2002ರಲ್ಲಿ ಪ್ರಕಟಿಸಿದ್ದಾರೆ. ಮುದ್ದೆ, ಹುಣಸೆಹುಳಿ ಸಾರು ಬಿಟ್ಟು ಮಕ್ಕಳಿಗೆ ಅಂಗಡಿ ಪೊಟ್ಟಣ ಕೊಡುವುದು ನಮ್ಮ ಸೀಮೆಯವರಿಗಂತೂ ಸಲ್ಲದು. ಇದೆಲ್ಲ ನೀರಿಗೆ ಬದಲಿಯಲ್ಲ, ಒತ್ತಾಸೆ ಮಾತ್ರ.

2022ರ ಮಳೆಯಲ್ಲಿ ನಮ್ಮ ಕೆರೆ ಕೋಡಿ ಬಿದ್ದ ಮೇಲೆ ಕೆಳಗಿನ ತೋಟದ ಹಳೇ ತಲಪರಿಗೆಯಲ್ಲಿ ಒಸರು ಕಂಡಿತು. ನೋಡಲು ಊರೇ ಹೋಗಿತ್ತು. ಹೂಳು ತೆಗೆಯಲು ಬಂದವರು ಆರೇ ಜನ. ಬೆಳ್ಳಿಹಬ್ಬದ ಉಳಿಕೆ ಹಣದಲ್ಲಿ ಸಂಘದ ಮುಂದೆ ಕಮಾನು ಕಟ್ಟಿಸಬೇಕೆಂಬುದು ಕೆಲವು ನಿರ್ದೇಶಕರ ಅಭಿಪ್ರಾಯ. ಕಮಾನು ಮುಂದಿನ ವರ್ಷಕ್ಕೂ ಆಗುತ್ತದೆ, ಈ ವರ್ಷ ಸದಸ್ಯರು ಕುಡಿಯುವ ಪ್ರತಿಯೊಂದು ಬೋರಿನ ನೀರನ್ನೂ, ತಲಪರಿಗೆಯ ನೀರನ್ನೂ ಪರೀಕ್ಷೆ ಮಾಡಿಸಿ ಪಟ್ಟಿಯನ್ನು ಹಾಲಿನ ಡೇರಿ ಗೋಡೆಗೆ ಬರೆಸೋಣ ಎಂಬುದು ನನ್ನದು. ಹಾಲಿನ ಜಿಡ್ಡು ದಿನಾ ಅಳೆಯುವ ನಮಗೆ ನೀರನ್ನು ವರ್ಷಕ್ಕೆರಡು ಸಲ ಅಳೆಯುವುದು ದೊಡ್ಡದಲ್ಲ. ಮಳೆಗಾಲಕ್ಕೂ ಬೇಸಿಗೆಗೂ ಲೆಕ್ಕ ಬೇರೆ ಬರುವುದರಿಂದ ಎರಡು ಸಲ ಬೇಕು.

ಸರ್ವಸದಸ್ಯರ ಸಭೆಯಲ್ಲಿ ಇದು ಚರ್ಚೆಗೆ ಬರುತ್ತದೆ. ಒಪ್ಪಿಗೆಯಾದರೆ ನೀರು ತರುವವರು ಗಾಜಿನ ಬಾಟಲಿ ತರಬೇಡಿ. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ಸಾಕು. ಮೋಟರು ಹತ್ತು ನಿಮಿಷ ಓಡಿದ ಮೇಲೆ ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ತೊಳೆದು ತುಂಬಿ, ಹೆಸರು, ಬೋರಿನ ಆಳ, ತಾರೀಖು ಬರೆದ ಚೀಟಿ ಅಂಟಿಸಿ, ಬೆಳಗಿನ ಹಾಲು ಹಾಕಲು ಬರುವಾಗ ಜೊತೆಗೇ ತನ್ನಿ.